ಬಲೂನು ಹತ್ತಿಸಿ ‘ಬಾಹ್ಯಾಕಾಶ’ ಅನ್ನೋರಿಗೆ ಎರಡು ಮಾತು

ಬೊಂಬೆ, ಬೂಟು, ಬರ್ಗರ್, ಏನನ್ನೇ ಬಲೂನಿಗೆ ಕಟ್ಟಿ ಬಿಟ್ಟರೂ ಮಾರನೇ ದಿನ ‘ಬಾಹ್ಯಾಕಾಶಕ್ಕೆ ಹೋಗಿ ಬಂತು’ ಅಂತ ತಲೆಬರಹ. 2023ರಲ್ಲಿ ಕ್ರಿಕೆಟ್ ವಿಶ್ವಕಪ್ ಟ್ರೋಫಿಗೂ ಇದೇ ಮೆರವಣಿಗೆ ಆಯ್ತು. ಏರಿದ್ದು 1,20,000 ಅಡಿ. ಅಡಿ ಲೆಕ್ಕವೇ ಯಾಕೆ ಗೊತ್ತಾ? ಕಿಲೋಮೀಟರಲ್ಲಿ ಹೇಳಿದರೆ 36 ಚಿಲ್ಲರೆ, ಬಣ್ಣ ಬಯಲು! ಬಾಹ್ಯಾಕಾಶದ ಗಡಿ ಅಂತ ಬಹುತೇಕರು ಒಪ್ಪೋ ಕಾರ್ಮನ್ ರೇಖೆ ಇರೋದು 100 ಕಿ.ಮೀ. ಎತ್ತರದಲ್ಲಿ. ಅಮೆರಿಕದವರ ಸಡಿಲ ಲೆಕ್ಕ ಹಿಡಿದರೂ 80. ಅರ್ಧ ದಾರಿಯೂ ಆಗಿಲ್ಲ ಸ್ವಾಮಿ.

ಬಲೂನಿನಲ್ಲಿ ಬಾಹ್ಯಾಕಾಶ ಮುಟ್ಟೋಕೆ ಆಗೋದೂ ಇಲ್ಲ. ಅದು ಏರೋದೇ ಸುತ್ತಲ ಗಾಳಿ ಒಳಗಿನ ಹೀಲಿಯಂಗಿಂತ ಭಾರ ಅನ್ನೋ ಕಾರಣಕ್ಕೆ. 35 ಕಿ.ಮೀ. ಹತ್ತಿರ ಗಾಳಿಯ ಒತ್ತಡ ನೆಲದಲ್ಲಿರೋದರ ನೂರರಲ್ಲೊಂದು ಪಾಲೂ ಇಲ್ಲ. ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ರಬ್ಬರ್ ಬಲೂನು ಉಬ್ಬಿ ಉಬ್ಬಿ ಢಂ ಅನ್ನುತ್ತೆ.

‘ಭೂಮಿ ಗುಂಡಗೆ ಕಾಣ್ತಿದೆಯಲ್ಲ’ ಅಂತೀರಾ? ವಿಡಿಯೋ ಸರಿಯಾಗಿ ನೋಡಿ. ಕ್ಯಾಮೆರಾ ಓಲಾಡಿ ದಿಗಂತ ಚೌಕಟ್ಟಿನ ನಡುಮಧ್ಯಕ್ಕಿಂತ ಕೆಳಗಿಳಿದಾಗ ಅದೇ ಭೂಮಿ ಬಾಣಲೆ ಥರ ತಗ್ಗಾಗುತ್ತೆ. ಅದು ಅಗಲ ಲೆನ್ಸಿನ ಕೈಚಳಕ. ನಿಜವಾದ ಬಾಗು ಇದ್ದರೂ ಅಲ್ಪಸ್ವಲ್ಪ. ಆಕಾಶ ಕಪ್ಪಗಿರೋದು ಮಾತ್ರ ನಿಜ, ಒಪ್ಪೋಣ. ಆಮೇಲೆ ಬೊಂಬೆ ತೇಲುತ್ತಾ? ಇಲ್ಲ, ದಾರ ಬಿಗಿಯಾಗೇ ಇರುತ್ತೆ. ಅಷ್ಟೆತ್ತರದಲ್ಲಿ ತೂಕ ಇಳಿಯೋದು ನೂರಕ್ಕೆ ಒಂದು ಪಾಲು. ಬಾಹ್ಯಾಕಾಶ ನಿಲ್ದಾಣದಲ್ಲಿ ವಸ್ತುಗಳು ತೇಲೋದು ಅದು ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿ ಸುತ್ತೋದರಿಂದ, ಬರೀ ಎತ್ತರದಿಂದಲ್ಲ.

ಪ್ರಚಾರವೇ ತಪ್ಪು ಅಂತಲ್ಲ. 2007ರಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಬೆಳಕಿನ ಕತ್ತಿಯ ಹಿಡಿ ನಾಸಾದ ಡಿಸ್ಕವರಿ ಬಾಹ್ಯಾಕಾಶ ನೌಕೆ ಹತ್ತಿತ್ತು. ಟಾಯ್ ಸ್ಟೋರಿ ಸಿನಿಮಾದ ಬಜ್ ಲೈಟ್‌ಇಯರ್ ಬೊಂಬೆ 2008ರಲ್ಲಿ ನಿಲ್ದಾಣಕ್ಕೆ ಹೋಗಿ, ವರ್ಷಕ್ಕೂ ಮೇಲೆ ಅಲ್ಲಿದ್ದು, 2009ರಲ್ಲಿ ವಾಪಸಾಯ್ತು. ಅವುಗಳಲ್ಲೂ ಪ್ರಚಾರ ಇತ್ತು. ಆದರೆ ಹೋಗಿದ್ದು ನಿಜ.

ಇನ್ನು ಇವರನ್ನು ನೋಡಿ ಹುಮ್ಮಸ್ಸಿಗೆ ಬಿದ್ದು ಬಲೂನು ಬಿಡೋರು! ಬಲೂನು ಎಲ್ಲಿದೆ ಅಂತ ಹೇಳಬೇಕಾದ ಹಲವು ಜಿಪಿಎಸ್ ಚಿಪ್‌ಗಳು 18 ಕಿ.ಮೀ. ದಾಟಿದರೆ ಮೂಕ, ಕ್ಷಿಪಣಿಗೆ ಬಳಸಬಾರದು ಅಂತ ಹಾಕಿರೋ ಮಿತಿ ಅದು. ಹೆಚ್ಚಿನ ಎತ್ತರಕ್ಕೆ ಬೇರೆ ಸೆಟ್ಟಿಂಗ್ ಇರೋ ಚಿಪ್ ಬೇಕು. ಮಾಮೂಲಿ ಆಲ್ಕಲೈನ್ ಸೆಲ್ ಮೈನಸ್ 50 ಡಿಗ್ರಿಯಲ್ಲಿ ಕೈಕೊಡುತ್ತೆ, ಲಿಥಿಯಂ ಸೆಲ್ಲೇ ಹಾಕಬೇಕು. ಇದ್ಯಾವುದೂ ನೋಡದೆ ಬಿಟ್ಟರೆ ಇವನ್ನೆಲ್ಲ ತುಂಬಿ ಬಲೂನಿಗೆ ಕಟ್ಟಿದ ಥರ್ಮೋಕೋಲ್ ಡಬ್ಬಿ ಯಾರದೋ ಹೊಲದಲ್ಲಿ ಕಸ.

ಸಿಕ್ಕರೆ ಇನ್ನೂ ಕಷ್ಟ. ‘ಬಾಹ್ಯಾಕಾಶ ಕಂಡ ವಸ್ತು’ ಅಂತ ಸರ್ಟಿಫಿಕೇಟು ಹಚ್ಚಿ ದುಪ್ಪಟ್ಟು ಬೆಲೆಗೆ ಮಾರಾಟ. ಕೊಳ್ಳೋ ಮುಂಚೆ ಎರಡೇ ಪ್ರಶ್ನೆ ಕೇಳಿ: ಎಷ್ಟು ಕಿಲೋಮೀಟರು? ಯಾವ ರಾಕೆಟ್ಟು?