ಬೀದರ್ ಆಕಾಶದ ಆ ಸದ್ದು

ನಮ್ಮ ಬೀದರ್‌ನಲ್ಲಿ ಒಂದು ರೂಢಿ ಇದೆ. ತಲೆಯ ಮೇಲೆ ವಿಮಾನ ಬಂದರೆ ಮಾತು ಅರ್ಧಕ್ಕೆ ನಿಲ್ಲಿಸುತ್ತೇವೆ, ಅದು ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತೇವೆ. ಮಾಳಿಗೆ ಮೇಲೆ ಸಂಡಿಗೆ ಇಡುತ್ತಿದ್ದ ಅವ್ವ ಹಿಟ್ಟಿನ ಕೈಯನ್ನೇ ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದಳು. "ಒಳಗ ಇರೋ ಹುಡುಗನ ತಾಯಿಗೆ ಎಷ್ಟು ಜೀವ ಹೊಡ್ಕೊಳ್ತದೋ" ಅನ್ನುತ್ತಿದ್ದಳು.

ಬೀದರ್ ವಾಯುನೆಲೆ ಅಂದರೆ ಎಲ್ಲರಿಗೂ ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡವೇ ನೆನಪಾಗುತ್ತದೆ. 1996ರಲ್ಲಿ ಆ ತಂಡ ಹುಟ್ಟಿದ್ದು ಇಲ್ಲೇ, ನಮಗೆ ಹೆಮ್ಮೆಯೇ. ಆದರೆ ಈ ನೆಲೆಯ ನಿಜವಾದ ಕೆಲಸ ಪೈಲಟ್‌ಗಳನ್ನು ತಯಾರು ಮಾಡುವುದು. ಅದರ ಬಗ್ಗೆ ನಾವು ಮಾತಾಡುವುದೇ ಇಲ್ಲ.

ಮೊದಲು ಹೊಸ ಹುಡುಗರು ಕಿರಣ್‌ನಂಥ ನಿಧಾನದ ವಿಮಾನದಲ್ಲಿ ಕಲಿತು ನೇರವಾಗಿ ಮಿಗ್-21 ಯುದ್ಧವಿಮಾನಕ್ಕೆ ಹೋಗುತ್ತಿದ್ದರು. ಅದು ಇಳಿಯುವ ವೇಗವೇ ಗಂಟೆಗೆ 300 ಕಿ.ಮೀ. ದಾಟುತ್ತಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಕೊಡಿ ಅಂತ ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಅಂಥ 66 ಹಾಕ್ ತರಬೇತಿ ವಿಮಾನಗಳ ಒಪ್ಪಂದ ಆಗಿದ್ದು 2004ರಲ್ಲಿ. ಇಪ್ಪತ್ತೆರಡು ವರ್ಷ! ಅಷ್ಟರಲ್ಲಿ ಎಷ್ಟು ಮನೆಗಳಿಗೆ ಕೆಟ್ಟ ಸುದ್ದಿ ಹೋಯಿತು. ಫೈಲು ಓಡಾಡಿಸುತ್ತಾ ಕೂತಿದ್ದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಮೆಟ್ಟಿಲು ಕೊನೆಗೆ ಬಂದು ನಿಂತದ್ದು ನಮ್ಮೂರಲ್ಲಿ. 2008ರ ಫೆಬ್ರುವರಿಯಲ್ಲಿ ಹಾಕ್‌ಗಳು ಬೀದರ್‌ನಲ್ಲೇ ವಾಯುಪಡೆ ಸೇರಿದವು. 66ರಲ್ಲಿ 42 ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಕಟ್ಟುವ ಒಪ್ಪಂದ ಅದು. ಮುಂದಿನ ಸೀಟಲ್ಲಿ ಕಲಿಯುವವನು, ಹಿಂದೆ ಸ್ವಲ್ಪ ಎತ್ತರದಲ್ಲಿ ಕಲಿಸುವ ಗುರು.

ಇನ್ನೊಂದು ವಿಷಯ. 2011ರಲ್ಲಿ ತರಬೇತಿಗೆ ವಿಮಾನ ಸಾಲದಾದಾಗ ಸೂರ್ಯಕಿರಣ್ ತಂಡದ ಕಿರಣ್‌ಗಳನ್ನೇ ತೆಗೆದು ಕಲಿಸಲು ಕೊಟ್ಟರು. ಪ್ರದರ್ಶನ ನಿಂತುಹೋಯಿತು. 2015ರಲ್ಲಿ ತಂಡ ಹಾಕ್ ಏರಿ ಮರಳಿತು. ಯಾವುದು ಮೊದಲು ಅನ್ನೋದು ವಾಯುಪಡೆಗೆ ಗೊತ್ತಿತ್ತು ಅಲ್ವಾ?

ಬೆಂಗಳೂರಿನ ಗೆಳೆಯರು ಬೀದರ್ ಅಂದರೆ ಸುಮ್ನೆ "ಹಿಂದುಳಿದ ಜಿಲ್ಲೆ" ಅಂದುಬಿಡುತ್ತಾರೆ. ಒಮ್ಮೆ ಬನ್ನಿ. ಕೋಟೆ ಗೋಡೆಯ ಮೇಲೆ ನಿಲ್ಲಿ. ಮೊದಲು ವಿಮಾನ ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಇಳಿಯಲು ಬಂದು, ನೆಲ ಮುಟ್ಟಿ, ಮತ್ತೆ ಏರುತ್ತದೆ. ಸುತ್ತು ಹಾಕಿ ಮತ್ತೆ ಬರುತ್ತದೆ. ಅದನ್ನೇ ಮತ್ತೆ, ಮತ್ತೆ.