ಅಂಗಿ ಗುಂಡಿಗೂ ನೀರು

ಮೊಮ್ಮಗಳ ವರ್ಕ್‌ಶೀಟಿನಲ್ಲಿ ಎರಡು ಕಡೆ ಕೆಂಪು ಶಾಯಿ. ಸೂರ್ಯನ ಮುಂದೆ 'ಸಜೀವ' ಎಂದು ಟಿಕ್ ಹಾಕಿದ್ದಳು, ತಪ್ಪು. ಬೀಜದ ಮುಂದೆ 'ನಿರ್ಜೀವ' ಎಂದು ಹಾಕಿದ್ದಳು, ಅದೂ ತಪ್ಪು. "ತಾತ ಹೇಳಿಕೊಡ್ತಾರೆ" ಎಂದು ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನಿವೃತ್ತರಾದ ಮೇಲೆ ಕೆಲಸಗಳು ಹೀಗೆಯೇ ಬರುತ್ತವೆ.

"ಸೂರ್ಯನಿಗೆ ಜೀವ ಇಲ್ಲ ಪುಟ್ಟಿ" ಅಂದೆ.

"ಮತ್ತೆ ಸೂರ್ಯ ಬಂದ ಅಂತೀಯಲ್ಲ? ಕುರ್ಚಿ ಬಂದ ಅಂತೀಯಾ?"

ಭಾಷೆಯೇ ಅವಳ ಪರ ಸಾಕ್ಷಿ ಹೇಳಿದರೆ ನಾನೇನು ಮಾಡಲಿ? ಸೂರ್ಯ ಹುಟ್ಟಿದ, ಆದರೆ ಮಗು ಹುಟ್ಟಿತು. ಬಿಸಿ ಅನಿಲದ ಉಂಡೆಗಿರುವ ಮರ್ಯಾದೆ ನಮ್ಮ ಕೂಸಿಗಿಲ್ಲ. ಬ್ಯಾಟರಿ ಸಾಯುತ್ತದೆ, ಗಡಿಯಾರ ಓಡುತ್ತದೆ, ಚಾರ್ಜ್ ಹಾಕಿದರೆ ಫೋನಿಗೆ ಜೀವ ಬರುತ್ತದೆ. ಅವಳು ಮೇಜಿಗೆ ತಲೆ ಹೊಡೆಸಿಕೊಂಡು ಅತ್ತಾಗ ಮೇಜಿಗೆ ಎರಡು ಏಟು ಹಾಕಿದವನೂ ನಾನೇ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳಿಗೆ ಇದೇ ಪ್ರಶ್ನೆ ಕೇಳುತ್ತಿದ್ದರು. ಪುಟ್ಟವರಿಗೆ ಏನಾದರೂ ಕೆಲಸ ಮಾಡುವುದೆಲ್ಲ ಸಜೀವ. ಆಮೇಲೆ ಚಲಿಸುವುದೆಲ್ಲ, ಆಮೇಲೆ ತಾನಾಗಿ ಚಲಿಸುವುದು. ಪ್ರಾಣಿ, ಗಿಡ ಮಾತ್ರ ಎನ್ನುವ ಹೊತ್ತಿಗೆ ಹನ್ನೊಂದೋ ಹನ್ನೆರಡೋ ವರ್ಷ. ಇವಳಿಗೆ ಐದು. ಅವಸರ ಯಾರಿಗೆ? ಮಕ್ಕಳು ಇನ್ನೂ ಬೇಗ ಕಲಿಯುತ್ತಾರೆ ಎಂದು ಆಮೇಲೆ ಬಂದವರು ತೋರಿಸಿದ್ದಾರೆ. ಅದು ನನ್ನ ವಾದಕ್ಕೆ ಒಗ್ಗುವುದಿಲ್ಲ, ಬಿಡಿ.

ಬೀಜ ಸುಲಭ ಅಂದುಕೊಂಡಿದ್ದೆ. ಅದು ನಿದ್ದೆ ಮಾಡುತ್ತಿದೆ, ನೀರು ಹಾಕಿದರೆ ಏಳುತ್ತದೆ ಅಂದೆ.

"ಎಷ್ಟು ದಿನ ನಿದ್ದೆ ಮಾಡುತ್ತೆ?"

ಇಲ್ಲಿ ಸುಮ್ನೆ ಇರಬೇಕಿತ್ತು. ಇಸ್ರೇಲಿನ ಮಸಾಡಾ ಕೋಟೆಯ ಅಗೆತದಲ್ಲಿ ಸಿಕ್ಕ ಖರ್ಜೂರದ ಬೀಜವನ್ನು 2005ರಲ್ಲಿ ನೆಟ್ಟರು, ಅದು ಸುಮಾರು 2000 ವರ್ಷ ಹಳೆಯದು, ಆದರೂ ಮೊಳಕೆ ಬಂತು ಎಂದು ಜಂಬದಿಂದ ಹೇಳಿದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಆ ಜಂಬದ ಫಲ ಈಗ ಉಣ್ಣುತ್ತಿದ್ದೇನೆ.

ಮಾರನೇ ದಿನ ಕುಂಡದಲ್ಲಿ ಮೂರು ಬೀಜ ಊರಿದೆವು. ನಾಲ್ಕನೇ ಕುಳಿಯನ್ನು ಅವಳೇ ಬೆರಳಿನಿಂದ ತೋಡಿದಳು. ನನ್ನ ಅಂಗಿಯಿಂದ ಉದುರಿದ್ದ ಗುಂಡಿಯೊಂದನ್ನು ಅದರಲ್ಲಿಟ್ಟು ಮಣ್ಣು ಮುಚ್ಚಿದಳು. ಕಂದು ಬಣ್ಣ, ನಾಲ್ಕು ತೂತು. ನಿಜ ಹೇಳಬೇಕೆಂದರೆ ಬೀಜಕ್ಕಿಂತ ಅದೇ ಜಾಸ್ತಿ ಬೀಜದ ಹಾಗಿತ್ತು.

"ಅದು ಹುಟ್ಟಲ್ಲ."

"ನಿದ್ದೆ ಮಾಡ್ತಿದೆ ತಾತ. ಮೆತ್ತಗೆ ಮಾತಾಡು."

ಐದನೇ ದಿನ ಎರಡು ಬೀಜ ಎದ್ದವು. ಕತ್ತು ಬಗ್ಗಿಸಿಕೊಂಡು, ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡು ಮಣ್ಣು ಸೀಳಿದವು. ಮೂರನೆಯದು ಏಳಲಿಲ್ಲ. ಗುಂಡಿಯೂ ಏಳಲಿಲ್ಲ. ಬೀಜ ಸತ್ತಿರಬೇಕು, ಗುಂಡಿಗಾದರೆ ಯಾವತ್ತೂ ಜೀವವೇ ಇರಲಿಲ್ಲ ಎಂದು ವಿವರಿಸಲು ಹೊರಟೆ.

"ಸತ್ತಿದ್ದು ನಿರ್ಜೀವವಾ?"

ವರ್ಕ್‌ಶೀಟಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಉದುರಿದ ಎಲೆ, ಮರದ ಕುರ್ಚಿ, ಏಳದ ಬೀಜ ಎಲ್ಲಿಗೆ ಹೋಗಬೇಕು? ಆ ಹಾಳೆ ಮಾಡಿದವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಹಿಂಬದಿಯಲ್ಲಿ ನಿಯಮ ಅಚ್ಚು ಹಾಕಿದ್ದಾರೆ: ಜೀವಿ ಉಸಿರಾಡುತ್ತದೆ, ತಿನ್ನುತ್ತದೆ, ಬೆಳೆಯುತ್ತದೆ, ಓಡಾಡುತ್ತದೆ, ಮರಿ ಮಾಡುತ್ತದೆ. ಬೆಂಕಿಗೆ ಗಾಳಿ ಬೇಕು, ಸೌದೆ ತಿನ್ನುತ್ತದೆ, ಬೆಳೆಯುತ್ತದೆ, ಮನೆಯಿಂದ ಮನೆಗೆ ಹೋಗುತ್ತದೆ, ಕಿಡಿ ಹಾರಿಸಿ ಇನ್ನೊಂದು ಬೆಂಕಿ ಮಾಡುತ್ತದೆ. ಈ ಲೆಕ್ಕದಲ್ಲಿ ಬೆಂಕಿ ಪಾಸು, ನಿಂತಲ್ಲೇ ನಿಂತ ಮರ ಫೇಲು. ಹೇಸರಗತ್ತೆಯಂತೂ ಮರಿ ಮಾಡುವ ಪ್ರಶ್ನೆಯಲ್ಲೇ ಡುಮ್ಕಿ. ಅಮೆರಿಕದ ವಿಜ್ಞಾನಿ ವೆಂಡೆಲ್ ಸ್ಟ್ಯಾನ್ಲಿ 1935ರಲ್ಲಿ ತಂಬಾಕಿನ ಎಲೆಗೆ ರೋಗ ತರುವ ವೈರಸ್ಸನ್ನು ಉಪ್ಪು-ಸಕ್ಕರೆಯ ಹಾಗೆ ಹರಳಾಗಿಸಿದರು. ಆ ಹರಳು ಆಮೇಲೂ ಎಲೆಗೆ ರೋಗ ಅಂಟಿಸುತ್ತಿತ್ತು. ವೈರಸ್ಸಿಗೆ ಜೀವ ಇದೆಯಾ ಎಂದು ದೊಡ್ಡವರು ಇವತ್ತಿಗೂ ವಾದ ಮಾಡುತ್ತಿದ್ದಾರೆ. ಅವರಿಗ್ಯಾರೂ ಕೆಂಪು ಶಾಯಿ ಹಾಕಲಿಲ್ಲ.

ಗುಂಡಿಗೆ ಈಗಲೂ ದಿನಾ ನೀರು. ಅವಳು ಶಾಲೆಯಲ್ಲಿರುವಾಗ ನಾನೇ ಹಾಕಬೇಕು, ಹಾಗೆಂದು ಅಪ್ಪಣೆಯಾಗಿದೆ. ನಿನ್ನೆ ಆ ಅಂಗಿ ಬೇಕಾಯಿತು. ಬೇರೆ ಗುಂಡಿ ಯಾವುದೂ ಹೊಂದಲಿಲ್ಲ. ಅದನ್ನೇ ಅಗೆದು ಕೊಡು ಎಂದು ಕೇಳಿದೆ.

"ಸ್ವಲ್ಪ ದಿನ ತಾಳು ತಾತ, ಬೇಕಾದಷ್ಟು ಬಿಡುತ್ತೆ" ಅಂದಳು.