ತೂತಿಲ್ಲದ ಟೇಬಲ್ಲು

2016ರಲ್ಲಿ ಆಫೀಸಿನ ಕೆಲಸಕ್ಕೆಂದು ಆರು ವಾರ ಸಿಯೋಲ್‌ನಲ್ಲಿದ್ದೆ. ಒಂದು ಸಂಜೆ ಅಲ್ಲಿನ ಸಹೋದ್ಯೋಗಿಯೊಬ್ಬರು ಊಟ ಮುಗಿಸಿ ಪಕ್ಕದ ಕಟ್ಟಡದ ಮೂರನೇ ಮಹಡಿಗೆ ಕರೆದುಕೊಂಡು ಹೋದರು. ಬಿಲಿಯರ್ಡ್ಸ್ ಹಾಲ್. ಸಿಗರೇಟಿನ ಹೊಗೆ, ಕಾಗದದ ಲೋಟದಲ್ಲಿ ಸಿಹಿ ಸಿಹಿ ಕಾಫಿ, ತಲೆಯ ಮೇಲೆ ಪೋಣಿಸಿಟ್ಟ ಅಂಕ ಎಣಿಸುವ ಮಣಿಗಳು. ಐವತ್ತು ದಾಟಿದವರು ಆಫೀಸಿನ ಬಟ್ಟೆಯಲ್ಲೇ, ಶರ್ಟಿನ ತೋಳು ಮಡಚಿ ಆಡುತ್ತಿದ್ದರು. ನಾನು ಬೆಂಗಳೂರಿನಲ್ಲಿ ಕಾಲೇಜು ದಿನಗಳಲ್ಲಿ ಪೂಲ್, ಸ್ನೂಕರ್ ಆಡಿ ಬೆಳೆದವನು. ಆ ಟೇಬಲ್ ನೋಡಿ ತಬ್ಬಿಬ್ಬಾದೆ. ಮೂಲೆಯಲ್ಲೂ ತೂತಿಲ್ಲ, ನಡುವೆಯೂ ಇಲ್ಲ. ಮೇಲೆ ಮೂರೇ ಮೂರು ಬಾಲ್: ಬಿಳಿ, ಹಳದಿ, ಕೆಂಪು.

"ಬಾಲ್ ಎಲ್ಲಿಗೆ ಹಾಕಬೇಕು?" ಅಂತ ಕೇಳಿದೆ.

"ಎಲ್ಲಿಗೂ ಹಾಕಬೇಡಿ, ಓಡಿಸಿ" ಅಂದರು.

ತ್ರೀ ಕುಶನ್ ಬಿಲಿಯರ್ಡ್ಸ್ ಜೊತೆಗಿನ ನನ್ನ ನಂಟು ಶುರುವಾದದ್ದು ಹಾಗೆ. ನಿಯಮ ಇಷ್ಟೇ. ನಿಮ್ಮ ಬಾಲ್ ಉಳಿದೆರಡು ಬಾಲ್‌ಗೂ ತಾಗಬೇಕು. ಎರಡನೆಯದಕ್ಕೆ ತಾಗುವ ಮುಂಚೆ ಟೇಬಲ್ಲಿನ ಅಂಚಿನ ರಬ್ಬರಿಗೆ, ಅಂದರೆ ಕುಶನ್ನಿಗೆ, ಕಡಿಮೆ ಅಂದರೂ ಮೂರು ಸಲ ಬಡಿದಿರಬೇಕು. ಹಾಗಾದರೆ ಒಂದು ಅಂಕ, ಮತ್ತೆ ನಿಮ್ಮದೇ ಸರದಿ. ಪಂಕಜ್ ಅಡ್ವಾಣಿ ಆಡುವ ಇಂಗ್ಲಿಷ್ ಬಿಲಿಯರ್ಡ್ಸ್ ನೋಡಿದವರಿಗೆ ಕ್ಯಾನನ್ ಗೊತ್ತಿರುತ್ತದೆ. ಒಂದೇ ಹೊಡೆತಕ್ಕೆ ಎರಡೂ ಬಾಲ್ ತಾಗಿಸುವುದು, ಅದಕ್ಕಲ್ಲಿ ಎರಡು ಅಂಕ. ಇಲ್ಲಿ ಇಡೀ ಆಟವೇ ಆ ಕ್ಯಾನನ್, ಅದೂ ಊರೆಲ್ಲ ಸುತ್ತಿಕೊಂಡು ಬಂದು ತಾಗುವ ಕ್ಯಾನನ್. ಹತ್ತಡಿ ಉದ್ದ ಐದಡಿ ಅಗಲದ ಟೇಬಲ್ಲು. ಬಟ್ಟೆಯಲ್ಲಿ ತೇವ ನಿಲ್ಲದಿರಲಿ, ಬಾಲ್ ಇನ್ನೂ ದೂರ ಓಡಲಿ ಅಂತ ಕೆಳಗಿನ ಕಲ್ಲನ್ನೇ ಬೆಚ್ಚಗೆ ಇಟ್ಟಿರುತ್ತಾರೆ. ಅಂಗೈ ಇಟ್ಟು ನೋಡಿದೆ, ಈಗಷ್ಟೇ ಇಸ್ತ್ರಿ ಮಾಡಿಟ್ಟ ಪಂಚೆಯ ಹಾಗಿತ್ತು.

ಆ ಸಹೋದ್ಯೋಗಿ ಖಾಲಿ ಕಾಫಿ ಲೋಟದ ಮೇಲೆ ಪೆನ್ನಿನಲ್ಲಿ ಟೇಬಲ್ಲಿನ ಚಿತ್ರ ಬರೆದು ಲೆಕ್ಕ ಹೇಳಿಕೊಟ್ಟರು. ಅಂಚಿನ ಮರದಲ್ಲಿ ಸಣ್ಣ ಸಣ್ಣ ಗುರುತುಗಳಿರುತ್ತವೆ, ಒಂದೊಂದಕ್ಕೂ ಒಂದು ಸಂಖ್ಯೆ. ಬಾಲ್ 50ರ ಮೂಲೆಯಲ್ಲಿದೆ, ಮೂರನೇ ಕುಶನ್ನಿನಲ್ಲಿ 20ಕ್ಕೆ ಬಂದು ಬಡಿಯಬೇಕು ಅಂತಿಟ್ಟುಕೊಳ್ಳಿ. ಐವತ್ತರಲ್ಲಿ ಇಪ್ಪತ್ತು ಕಳೆಯಿರಿ. ಮೊದಲ ಕುಶನ್ನಿನ 30ಕ್ಕೆ ಗುರಿ ಇಟ್ಟು, ಬಾಲ್‌ಗೆ ಓಟದ ದಿಕ್ಕಿನ ಸ್ಪಿನ್ ಕೊಟ್ಟು ಹೊಡೆಯಿರಿ. ಹೊಡೆದೆ. ಬಾಲ್ ಒಂದು, ಎರಡು, ಮೂರು ಅಂತ ಬಡಿದು, ನಿಧಾನವಾಗಿ ಉರುಳುತ್ತಾ ಹೋಗಿ ಕೆಂಪು ಬಾಲ್‌ಗೆ ಟಿಕ್ ಅಂತ ತಾಗಿತು. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು ತಿರುಗಿ ನೋಡಿ ಕ್ಯೂ ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿದರು. ಆಮೇಲಿನ ಒಂದೂವರೆ ಗಂಟೆಯಲ್ಲಿ ಇನ್ನೊಂದು ಅಂಕವೂ ಬರಲಿಲ್ಲ. ಆದರೆ ಆ ಒಂದು ಟಿಕ್ ಸಾಕಾಗಿತ್ತು.

ಅಲ್ಲಿಂದೀಚೆಗೆ ಈ ಆಟದ ವಿಶ್ವ ಚಾಂಪಿಯನ್‌ಶಿಪ್ ತಪ್ಪದೆ ನೋಡುತ್ತೇನೆ, ಅದರ ಹಳೆಯ ಕತೆ ಸಿಕ್ಕಲ್ಲೆಲ್ಲ ಓದುತ್ತೇನೆ. ಎಲ್ಲ ಕಡೆ ಆ ಕತೆ ಶುರುವಾಗುವುದು ಚಾಂಪಿಯನ್ನರ ಪಟ್ಟಿಯಿಂದ. ನನಗೆ ಆ ಪಟ್ಟಿಗಿಂತ ಮುಖ್ಯ ಅನ್ನಿಸುವುದು ಹಾಲ್‌ಗಳು. ಬೀದಿ ಬದಿಯ, ಕೆಫೆಯ ಹಿಂಭಾಗದ, ಮೂರನೇ ಮಹಡಿಯ ಮಾಮೂಲಿ ಹಾಲ್‌ಗಳು. ಹಾಲ್ ಇದ್ದ ಊರಲ್ಲಿ ಈ ಆಟ ಚಾಂಪಿಯನ್ನರನ್ನು ಹೆತ್ತಿದೆ, ಹಾಲ್ ಮುಚ್ಚಿದ ಊರಲ್ಲಿ ಎಂಥ ದಂತಕತೆಯಾದ ಆಟಗಾರರಿದ್ದರೂ ಸೊರಗಿದೆ.

ಮೊದಲ ಟೂರ್ನಿ ನಡೆದದ್ದೂ ಹಾಲ್ ಒಂದರಲ್ಲೇ. ಅಮೆರಿಕದ ಸೇಂಟ್ ಲೂಯಿಸ್, 1878ರ ಜನವರಿ. ಗೆದ್ದವರು ನ್ಯೂಯಾರ್ಕಿನ ಲಿಯಾನ್ ಮ್ಯಾಗ್ನಸ್. ಇಡೀ ಟೂರ್ನಿಯಲ್ಲಿ ಒಂದೇ ಸರದಿಗೆ ಬಂದ ಅತಿ ಹೆಚ್ಚು ಅಂಕ ಆರು, ಅತ್ಯುತ್ತಮ ಸರಾಸರಿ ಸರದಿಗೆ 0.75. ಈಗಿನ ಅಗ್ರ ಆಟಗಾರರು ಸರದಿಗೆ ಎರಡರ ಆಸುಪಾಸಿನಲ್ಲಿ ಆಡುತ್ತಾರೆ. ನಂತರದ ಎಪ್ಪತ್ತು ವರ್ಷ ಅಮೆರಿಕದ್ದೇ ದರ್ಬಾರು. ಅದರಲ್ಲಿ ದೊಡ್ಡ ಹೆಸರು ವಿಲ್ಲಿ ಹಾಪಿ. ನ್ಯೂಯಾರ್ಕ್ ರಾಜ್ಯದ ಸಣ್ಣ ಊರೊಂದರಲ್ಲಿ ಅಪ್ಪನ ಹೋಟೆಲ್ಲಿನ ಟೇಬಲ್ಲಿನಲ್ಲಿ ಕಲಿತವರು. ಟೇಬಲ್ ಎಟುಕದೆ ಪೆಟ್ಟಿಗೆಯ ಮೇಲೆ ನಿಂತು ಆಡುತ್ತಿದ್ದ ಹುಡುಗ. 1940ರ ಶಿಕಾಗೋ ವಿಶ್ವ ಟೂರ್ನಿಯಲ್ಲಿ ಆಡಿದ ಇಪ್ಪತ್ತು ಆಟಗಳನ್ನೂ ಗೆದ್ದರು.

ಆದರೆ ಆ ಕಾಲದಲ್ಲಿ ನನಗೆ ತೀರಾ ಹತ್ತಿರವಾದವರು ಹಾಪಿ ಅಲ್ಲ, ಮಸಾಕೊ ಕತ್ಸುರಾ. ಟೋಕಿಯೊದ ಹೆಣ್ಣುಮಗಳು. ತಂದೆ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿದರು. ಭಾವ ಬಿಲಿಯರ್ಡ್ಸ್ ಹಾಲ್ ನಡೆಸುತ್ತಿದ್ದರು. ಅಲ್ಲೇ ಕೆಲಸಕ್ಕೆ ನಿಂತು, ಅಲ್ಲೇ ಕ್ಯೂ ಹಿಡಿದು ಕಲಿತರು. ಮುಂದೆ ಅಮೆರಿಕದ ಸೈನಿಕರೊಬ್ಬರನ್ನು ಮದುವೆಯಾಗಿ 1951ರಲ್ಲಿ ಅಲ್ಲಿಗೆ ಹೋದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವ ತ್ರೀ ಕುಶನ್ ಟೂರ್ನಿ. ಹತ್ತು ಜನ ಸ್ಪರ್ಧಿಗಳಲ್ಲಿ ಕತ್ಸುರಾ ಒಬ್ಬರು. ಬಿಲಿಯರ್ಡ್ಸ್‌ನ ಯಾವುದೇ ವಿಶ್ವ ಕಿರೀಟಕ್ಕೆ ಒಬ್ಬ ಮಹಿಳೆ ಸೆಣಸಿದ್ದು ಅದೇ ಮೊದಲು. ಗೆದ್ದದ್ದು ಹಾಪಿ, ಕತ್ಸುರಾಗೆ ಏಳನೇ ಸ್ಥಾನ. 1953ರಲ್ಲಿ ಶಿಕಾಗೋದಲ್ಲಿ ಐದನೇ ಸ್ಥಾನ. 1954ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಾಲ್ಕನೇ ಸ್ಥಾನ. ಏಳು, ಐದು, ನಾಲ್ಕು. ಈ ಮೂರು ಅಂಕಿ ನೋಡಿದಾಗಲೆಲ್ಲ ಇನ್ನೆರಡು ಟೂರ್ನಿ ಆಡಲು ಸಿಕ್ಕಿದ್ದರೆ ಅಂತ ಮನಸ್ಸು ಹೊಯ್ದಾಡುತ್ತದೆ. ಅಮೆರಿಕದಲ್ಲಿ ಆಟದ ಕಾವು ಇಳಿಯುತ್ತಿದ್ದ ಕಾಲ ಅದು. ಹೆಂಗಸರ ಪ್ರತ್ಯೇಕ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 2004ರಲ್ಲಿ. ಐವತ್ತು ವರ್ಷದ ಆ ಅಂತರಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಒಪ್ಪುವುದಿಲ್ಲ. ಗಂಡಸರ ಜೊತೆ ಅದೇ ಟೇಬಲ್ಲಿನಲ್ಲಿ ನಾಲ್ಕನೆಯವರಾಗಿ ನಿಂತವರ ಹಿಂದೆ ಇನ್ನಷ್ಟು ಹೆಣ್ಣುಮಕ್ಕಳು ಬರಲು ಅವಕಾಶ ಮಾಡಿಕೊಡದೆ ಹೋದದ್ದು ಈ ಆಟಕ್ಕೇ ಆದ ನಷ್ಟ.

ಯುರೋಪಿನ ಕಡೆ 1928ರಲ್ಲೇ ಫ್ರಾನ್ಸಿನ ರೀಮ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿತ್ತು, ಗೆದ್ದವರು ಈಜಿಪ್ಟಿನ ಎಡ್ಮಂಡ್ ಸೂಸಾ. 1959ರಲ್ಲಿ ಯುಎಂಬಿ ಅನ್ನುವ ವಿಶ್ವ ಒಕ್ಕೂಟ ಹುಟ್ಟಿತು. ಆಮೇಲಿನದು ಒಬ್ಬರ ಕತೆ: ಬೆಲ್ಜಿಯಂನ ರೇಮಂಡ್ ಸ್ಯೂಲೆಮನ್ಸ್. ಅಲ್ಲಿ ಕೆಫೆ ಅಂದರೆ ಒಂದು ಮೂಲೆಯಲ್ಲಿ ಬಿಲಿಯರ್ಡ್ಸ್ ಟೇಬಲ್ ಇರುವುದು ವಾಡಿಕೆ. ಆ ಕೆಫೆಗಳ ನಾಡಿನಿಂದ ಬಂದ ಇವರು 1963ರಿಂದ 1973ರವರೆಗೆ ಸತತ ಹನ್ನೊಂದು ಸಲ ವಿಶ್ವ ಚಾಂಪಿಯನ್. 1974ರಲ್ಲಿ ಜಪಾನಿನ ನೊಬುಆಕಿ ಕೊಬಯಾಶಿ ಆ ಸರಪಳಿ ಕಡಿದರು. ಮರುವರ್ಷ ಕಿರೀಟ ಮತ್ತೆ ಸ್ಯೂಲೆಮನ್ಸ್ ತಲೆಗೇ ಬಂತು. ಕೊನೆಯ ವಿಶ್ವ ಪಟ್ಟ 2001ರಲ್ಲಿ, ಅರವತ್ತನಾಲ್ಕನೇ ವಯಸ್ಸಿನಲ್ಲಿ. ಇನ್ನೊಂದು ಆಟದಲ್ಲಿ ಇಂಥದ್ದು ನೆನಪಿದ್ದರೆ ಹೇಳಿ.

ಅಮೆರಿಕದಲ್ಲಿ ನಂದಿಹೋಗುತ್ತಿದ್ದ ದೀಪಕ್ಕೆ ಎಣ್ಣೆ ಹಾಕಿದವರು ಕೊರಿಯಾದ ಲೀ ಸಾಂಗ್-ಚುನ್, ಅಮೆರಿಕದವರ ಬಾಯಲ್ಲಿ ಸಾಂಗ್ ಲೀ. 1987ರಲ್ಲಿ ನ್ಯೂಯಾರ್ಕಿಗೆ ಹೋದ ಅವರು ಕ್ವೀನ್ಸ್‌ನಲ್ಲಿ ಸ್ವಂತ ಹಾಲ್ ತೆರೆದರು. ಹೊರನಾಡಿಗೆ ಹೋದವರು ಅಂಗಡಿಯನ್ನೋ ಹೋಟೆಲ್ಲನ್ನೋ ಇಡುವುದು ಸಾಮಾನ್ಯ, ಇವರು ತೂತಿಲ್ಲದ ಟೇಬಲ್ ಇಟ್ಟರು. 1990ರಿಂದ 2001ರವರೆಗೆ ಸತತ ಹನ್ನೆರಡು ವರ್ಷ ಅಮೆರಿಕದ ರಾಷ್ಟ್ರೀಯ ಚಾಂಪಿಯನ್. 2004ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಬರೀ ಐವತ್ತು. ಮುಂದಿನ ವರ್ಷದಿಂದಲೇ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ ಅವರ ಹೆಸರಿನಲ್ಲಿ ಅಂತರರಾಷ್ಟ್ರೀಯ ಟೂರ್ನಿ ಶುರುವಾಯಿತು. ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಸ್ಟೇಡಿಯಂಗಲ್ಲ, ಕ್ಯಾರಮ್ ಕೆಫೆ ಅನ್ನುವ ಹಾಲ್‌ಗೆ ಬಂದು ಆಡಿದರು. ನೋಡುವವರು ಟೇಬಲ್ಲಿಗೆ ಅಷ್ಟು ಹತ್ತಿರದಲ್ಲಿ. ಒಬ್ಬ ಆಟಗಾರನಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ನನಗೆ ತೋಚುವುದಿಲ್ಲ.

ಈಗ ಆಟದ ಜೀವ ಏಷ್ಯಾದಲ್ಲಿದೆ. 2014ರಲ್ಲಿ ಸಿಯೋಲ್‌ನಲ್ಲೇ ಚೋಯ್ ಸುಂಗ್-ವಾನ್ ಕೊರಿಯಾದ ಮೊದಲ ವಿಶ್ವ ಚಾಂಪಿಯನ್ ಆದರು. 2023ರಲ್ಲಿ ಅಂಕಾರಾದ ಫೈನಲ್ ಆಡಿದ ಇಬ್ಬರೂ ವಿಯೆಟ್ನಾಮಿನವರು. ತ್ರಾನ್ ಕ್ವೆತ್ ಚಿಯೆನ್ ವಿರುದ್ಧ ಗೆದ್ದ ಬಾವೊ ಫುವಾಂಗ್ ವಿನ್ ಆ ದೇಶದ ಮೊದಲ ಚಾಂಪಿಯನ್. ಮರುವರ್ಷ ವಿಯೆಟ್ನಾಮಿನ ನೆಲದಲ್ಲೇ ನಡೆದ ಚಾಂಪಿಯನ್‌ಶಿಪ್ ಕೊರಿಯಾದ ಚೋ ಮ್ಯುಂಗ್-ವೂ ಪಾಲಾಯಿತು.

ಇದೆಲ್ಲದರ ನಡುವೆ ನನ್ನ ಹೊಟ್ಟೆ ಉರಿಸಿದ ಒಂದು ಸಂಗತಿ ಇದೆ. 2019ರಲ್ಲಿ ಕೊರಿಯಾದಲ್ಲಿ ಪಿಬಿಎ ಅನ್ನುವ ವೃತ್ತಿಪರ ಲೀಗ್ ಬಂತು. ಒಳ್ಳೆಯ ಹಣ, ಟಿವಿ, ತಂಡಗಳು. ಅಲ್ಲಿ ಆಡಲು ಹೋದವರಿಗೆ ಯುಎಂಬಿ ತನ್ನ ಬಾಗಿಲು ಹಾಕಿತು. ಹಾಗಾಗಿ ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದ ಬೆಲ್ಜಿಯಂನ ಫ್ರೆಡರಿಕ್ ಕೋಡ್ರಾನ್ ವರ್ಷಗಟ್ಟಲೆ ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಗುಳಿದರು. ಮುಂದೆ ಸ್ಪೇನಿನ ದಾನಿಯೆಲ್ ಸಾಂಚೆಸ್, ಟರ್ಕಿಯ ಸೆಮಿಹ್ ಸೈಗಿನರ್ ಕೂಡ ಪಿಬಿಎ ಕಡೆ ಹೋದರು. ಜೀವಮಾನವಿಡೀ ಕಡಿಮೆ ಸಂಪಾದನೆಯಲ್ಲಿ ಆಟ ಉಳಿಸಿದವರು ನಾಲ್ಕು ಕಾಸು ನೋಡುವ ಹೊತ್ತಿಗೆ ಶಿಕ್ಷೆ ಯಾಕೆ? ಎಲ್ಲರೂ ಆಡದ ಟೂರ್ನಿಯನ್ನು ವಿಶ್ವ ಚಾಂಪಿಯನ್‌ಶಿಪ್ ಅಂತ ಮನಸಾರೆ ಕರೆಯಲು ನನಗಾಗುವುದಿಲ್ಲ. ಯುಎಂಬಿ, ಪಿಬಿಎ ಇಬ್ಬರೂ ಕೂತು ಮಾತಾಡಿ ಕ್ಯಾಲೆಂಡರ್ ಹಂಚಿಕೊಳ್ಳಬೇಕು.

ಕತ್ಸುರಾ ವಿಚಾರ ಒಂದು ಉಳಿಯಿತು. ಆಡುವುದು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 1976ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಒಂದು ಹಾಲ್‌ಗೆ ಬಂದರಂತೆ. ಅಲ್ಲಿದ್ದವರ ಕ್ಯೂ ಒಂದನ್ನು ಇಸಿದುಕೊಂಡು ಕುಶನ್ ಲೆಕ್ಕವಿಲ್ಲದ ಸಾದಾ ಆಟದಲ್ಲಿ ಒಂದೂ ತಪ್ಪದೆ ನೂರು ಅಂಕ ಹೊಡೆದು, ಕೋಲು ವಾಪಸ್ ಕೊಟ್ಟು ಹೊರಟುಹೋದರಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಯೋಲ್‌ನಿಂದ ಬಂದ ಮೇಲೆ ಬೆಂಗಳೂರಿನಲ್ಲಿ ಅಂಥ ಟೇಬಲ್ಲಿಗಾಗಿ ಎಷ್ಟೋ ಪಾರ್ಲರ್ ಹತ್ತಿಳಿದಿದ್ದೇನೆ. ಬಿಲಿಯರ್ಡ್ಸ್, ಸ್ನೂಕರ್‌ನಲ್ಲಿ ಇಷ್ಟು ಹೆಸರು ಮಾಡಿದ ಊರಿನಲ್ಲಿ ಬೆಚ್ಚಗಿನ ಕಲ್ಲಿನ, ತೂತಿಲ್ಲದ ಒಂದೇ ಒಂದು ಟೇಬಲ್ ಯಾರಾದರೂ ಇಟ್ಟರೆ ಸಾಕು. ನಿಮ್ಮ ಕಣ್ಣಿಗೆ ಎಲ್ಲಾದರೂ ಬಿದ್ದಿದ್ದರೆ, ಬೆಂಗಳೂರಾಗಲಿ ಮೈಸೂರಾಗಲಿ ಮಂಗಳೂರಾಗಲಿ, ದಯವಿಟ್ಟು ತಿಳಿಸಿ. ಆ ಕಾಫಿ ಲೋಟದ ಲೆಕ್ಕ ಇನ್ನೂ ನೆನಪಿದೆ, ಬರುವ ಭಾನುವಾರವೇ ಬಸ್ ಹತ್ತುತ್ತೇನೆ.